ಕೃಪೆಯಲ್ಲಿರುವವನಿಗೆ ಕಂದಾಯವೇಕೆ? – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ನಾನು ಬೀದರ್ ತಾಲ್ಲೂಕಿನವನು. ನಮ್ಮ ಮೆಥಡಿಸ್ಟ್ ಸಭೆಯಲ್ಲಿ ಎಂಟು ವರ್ಷಗಳಿಂದ ಯೌವನಸ್ಥರ ಕೂಟ ನಡೆಸುತ್ತಿದ್ದೇನೆ. ಮೂರು ವರ್ಷಗಳ ಹಿಂದೆ ಹೈದರಾಬಾದಿನಲ್ಲಿ ಹಳೆಯ ಕಾರೊಂದನ್ನು ಕೊಂಡು ತಂದೆ. ಅದರ ನೋಂದಣಿಯನ್ನು ಇನ್ನೂ ಕರ್ನಾಟಕಕ್ಕೆ ಬದಲಾಯಿಸಿಲ್ಲ, ಇಲ್ಲಿಯ ರಸ್ತೆ ತೆರಿಗೆಯನ್ನೂ ಕಟ್ಟಿಲ್ಲ. ನಮ್ಮ ಗಡಿಭಾಗದಲ್ಲಿ ಇದನ್ನು ಯಾರೂ ದೊಡ್ಡ ತಪ್ಪೆಂದು ಎಣಿಸುವುದಿಲ್ಲ; ಜಹೀರಾಬಾದಿನ ಕಡೆಗೂ ಉದಗೀರದ ಕಡೆಗೂ ದಿನವಿಡೀ ಗಾಡಿಗಳು ಓಡಾಡುತ್ತವೆ, ಯಾವುದು ಎಲ್ಲಿಯದೆಂದು ಕೇಳುವವರಿಲ್ಲ. ಕಳೆದ ತಿಂಗಳು ದಶಾಜ್ಞೆಗಳ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗ ಎಲ್ಲರ ಮುಂದೆ ಈ ಮಾತು ಎತ್ತಿದ. ನಾವು ಧರ್ಮಶಾಸ್ತ್ರಕ್ಕೆ ಅಧೀನರಲ್ಲ, ಕೃಪೆಗೆ ಅಧೀನರು ಎಂದು ಪೌಲನೇ ಬರೆದಿದ್ದಾನಲ್ಲ ಎಂದು ಹೇಳಿ ನಾನು ಪಾಠ ಮುಂದುವರಿಸಿದೆ. ಅಂದಿನಿಂದ ಮನಸ್ಸಿಗೆ ನೆಮ್ಮದಿಯಿಲ್ಲ. ದೇವರನ್ನು ನಾನು ನಿಜವಾಗಿ ಪ್ರೀತಿಸುತ್ತೇನೆ. ಆ ಪ್ರೀತಿಗೂ ಸರ್ಕಾರದ ತೆರಿಗೆಗೂ ಏನು ಸಂಬಂಧ?
— ಹೆಸರು ಬೇಡ, ಬೀದರ್

ಉತ್ತರ: ಸಹೋದರರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ದೇವರನ್ನು ಪ್ರೀತಿಸುತ್ತೀರಿ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಪ್ರೀತಿಯಿಲ್ಲದವನಿಗೆ ಹುಡುಗನೊಬ್ಬನ ಮಾತು ಒಂದು ತಿಂಗಳ ಕಾಲ ಚುಚ್ಚುತ್ತಲೇ ಇರುವುದಿಲ್ಲ. ಆದರೆ ನೀವು ಆ ಹುಡುಗನಿಗೆ ಕೊಟ್ಟ ಉತ್ತರ ಅರ್ಧದಲ್ಲಿ ನಿಂತಿದೆ. ನೀವು ಹೇಳಿದ್ದು ರೋಮಾಪುರದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯದ 14ನೆಯ ವಚನ. 15ನೆಯ ವಚನದಲ್ಲಿ ಪೌಲನೇ ನಿಮ್ಮ ಪ್ರಶ್ನೆಯನ್ನು ಎತ್ತಿಕೊಳ್ಳುತ್ತಾನೆ: ಹಾಗಾದರೆ ಕೃಪೆಯಲ್ಲಿದ್ದೇವೆಂದು ಪಾಪ ಮಾಡಬಹುದೋ ಎಂದು ತಾನೇ ಕೇಳಿ, ಎಂದಿಗೂ ಮಾಡಬಾರದು ಎಂದು ತಾನೇ ಉತ್ತರಿಸುತ್ತಾನೆ. ಧರ್ಮಶಾಸ್ತ್ರವನ್ನು ಪಾಲಿಸಿ ಅದರ ಬಲದಿಂದ ದೇವರ ಮುಂದೆ ನೀತಿವಂತನಾಗುವ ದಾರಿ ಮುಚ್ಚಿದೆ ಎಂಬುದು ಅಲ್ಲಿಯ ಮಾತಿನ ತಿರುಳು. ಆಜ್ಞೆಗಳಿಂದ ಬಿಡುಗಡೆ ಸಿಕ್ಕಿತೆಂದು ಅಲ್ಲ, ಮೋಟಾರು ವಾಹನ ಕಾಯ್ದೆಯಿಂದ ಬಿಡುಗಡೆ ಸಿಕ್ಕಿತೆಂದಂತೂ ಖಂಡಿತ ಅಲ್ಲ.

ದಶಾಜ್ಞೆಗಳ ಪಾಠವನ್ನೇ ನೀವು ಮಾಡುತ್ತಿದ್ದುದರಿಂದ ಅಲ್ಲಿಂದಲೇ ಹೊರಡೋಣ. ವಿಮೋಚನಕಾಂಡದ 20ನೆಯ ಅಧ್ಯಾಯ ಆಜ್ಞೆಯಿಂದ ಆರಂಭವಾಗುವುದಿಲ್ಲ. ದಾಸತ್ವದ ಮನೆಯಾದ ಐಗುಪ್ತದಿಂದ ನಿನ್ನನ್ನು ಹೊರಗೆ ಕರೆತಂದ ದೇವರು ನಾನೇ ಎಂಬ ಮಾತು ಮೊದಲು ಬರುತ್ತದೆ, ಕಳಬಾರದು ಎಂಬುದು ಆಮೇಲೆ. ಇಸ್ರಾಯೇಲರು ಕೆಂಪು ಸಮುದ್ರ ದಾಟಿ, ಮನ್ನ ತಿಂದು, ಬಂಡೆಯ ನೀರು ಕುಡಿದು, ಹೊರಟ ಮೂರನೆಯ ತಿಂಗಳಲ್ಲಿ ಸೀನಾಯಿ ಬೆಟ್ಟದ ಬುಡಕ್ಕೆ ಬಂದರು. ಆಜ್ಞೆಗಳನ್ನು ಪಾಲಿಸಿದರೆ ಬಿಡಿಸುತ್ತೇನೆಂದು ದೇವರು ಐಗುಪ್ತದಲ್ಲಿ ಅವರಿಗೆ ಷರತ್ತು ಹಾಕಲಿಲ್ಲ. ಬಿಡಿಸಿದ ಮೇಲೆ, ಬಿಡುಗಡೆಯಾದವರು ಹೇಗೆ ಬಾಳುತ್ತಾರೆಂದು ತಿಳಿಸಿದನು. ಈ ಕ್ರಮ ತಪ್ಪಿದಾಗ ಎರಡು ಬಗೆಯ ಅನಾಹುತಗಳಾಗುತ್ತವೆ. ಆಜ್ಞೆಯನ್ನು ಮುಂದಿಟ್ಟು ಬಿಡುಗಡೆಯನ್ನು ಹಿಂದಕ್ಕೆ ತಳ್ಳಿದವನು ಫರಿಸಾಯನಾಗುತ್ತಾನೆ, ಪುದೀನ, ಸಬ್ಬಸಿಗೆ, ಜೀರಿಗೆಗಳ ದಶಮಾಂಶವನ್ನು ಎಣಿಸಿಕೊಟ್ಟು ನ್ಯಾಯವನ್ನೂ ಕರುಣೆಯನ್ನೂ ಮರೆಯುತ್ತಾನೆ. ಬಿಡುಗಡೆಯನ್ನು ಮಾತ್ರ ಹಿಡಿದು ಆಜ್ಞೆಯನ್ನು ಬಿಟ್ಟವನು ಐಗುಪ್ತದಿಂದ ಹೊರಬಂದರೂ ಸೀನಾಯಿಗೆ ಬರಲಾರದೆ ಮರಳಿನಲ್ಲಿ ನಿಂತುಬಿಡುತ್ತಾನೆ. ನಮ್ಮ ಸಭೆಗಳಲ್ಲಿ ಈಗ ಎರಡನೆಯ ತೊಂದರೆಯೇ ಹೆಚ್ಚೆಂದು ನನಗೆ ತೋರುತ್ತದೆ. ಸಾಕ್ಷಿ ಹೇಳುವಾಗ ಕಣ್ಣೀರು ಬರುತ್ತದೆ, ಬಡ್ಡಿ ಲೆಕ್ಕ ಬರೆಯುವಾಗ ಬರುವುದಿಲ್ಲ.

ನೀವು ನನ್ನನ್ನು ಪ್ರೀತಿಸುವವರಾದರೆ ನನ್ನ ಆಜ್ಞೆಗಳನ್ನು ಕೈಕೊಂಡು ನಡೆಯುವಿರಿ ಎಂದು ಯೇಸು ಹೇಳಿದ್ದು ಯೋಹಾನನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿ. ಆ ರಾತ್ರಿ ಏನೇನು ನಡೆದಿತ್ತೆಂಬುದನ್ನು ನೆನೆಯಿರಿ. ಆತನು ಅದೇ ತಾನೆ ಸೊಂಟಕ್ಕೆ ಕೈಪಾವುಡ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದಿದ್ದನು. ತನ್ನನ್ನು ಹಿಡಿದುಕೊಡಲಿದ್ದ ಯೂದನ ಕಾಲನ್ನೂ ತೊಳೆದಿದ್ದನು. ಕಾಲು ತೊಳೆದವನು ಹೇಳಿದ ಮಾತಾದ್ದರಿಂದ ಅದಕ್ಕೆ ಬೆದರಿಕೆಯ ಧ್ವನಿಯಿಲ್ಲ. ಅದೇ ರಾತ್ರಿ ಪ್ರಾಣವನ್ನಾದರೂ ಕೊಡುತ್ತೇನೆಂದ ಪೇತ್ರನು ಕೋಳಿ ಕೂಗುವುದರೊಳಗೆ ಮೂರು ಸಲ ಆತನನ್ನು ಅರಿಯೆನೆಂದನು. ಪುನರುತ್ಥಾನವಾದ ಮೇಲೆ ಸಮುದ್ರದ ದಡದಲ್ಲಿ ಯೇಸು ಅವನನ್ನು ಮೂರು ಸಲ ಕೇಳಿದ್ದು ನನ್ನನ್ನು ಪ್ರೀತಿಸುತ್ತೀಯಾ ಎಂದು. ಪೇತ್ರನು ಹೌದೆಂದಾಗಲೆಲ್ಲ ಆತನು ಸಂತೋಷವೆಂದು ಸುಮ್ಮನಾಗಲಿಲ್ಲ, ಪ್ರತಿ ಸಲವೂ ಒಂದು ಕೆಲಸ ಒಪ್ಪಿಸಿದನು: ನನ್ನ ಕುರಿಗಳನ್ನು ಮೇಯಿಸು. ಪೇತ್ರನ ಪ್ರೀತಿ ಇನ್ನು ಮುಂದೆ ಇರಬೇಕಾದದ್ದು ಆ ಕುರಿಗಳ ನಡುವೆ, ಹುಲ್ಲು ನೀರಿನ ಚಿಂತೆಯಲ್ಲಿ. ನಡೆ ನುಡಿ ಎರಡಾಗಬಾರದೆಂದು 12ನೆಯ ಶತಮಾನದಲ್ಲಿ ಶರಣರು ಸಾರಿದ ಕಲ್ಯಾಣ ಇರುವುದು ನಮ್ಮ ಜಿಲ್ಲೆಯಲ್ಲಿಯೇ. ನಮ್ಮ ನೆರೆಯವರು ನಮ್ಮನ್ನೂ ಅದೇ ಒರೆಗೆ ಹಚ್ಚಿ ನೋಡುತ್ತಾರೆ, ಹಾಗೆ ನೋಡುವುದು ಸರಿಯೇ ಆಗಿದೆ.

ಇನ್ನು ನಿಮ್ಮ ಪ್ರಶ್ನೆಯ ಗಂಟು. ದೇವರ ಆಜ್ಞೆಯನ್ನು ಪಾಲಿಸುವುದು ಸರಿ, ಆದರೆ ಸರ್ಕಾರದ ತೆರಿಗೆ ದೇವರ ಆಜ್ಞೆಯೇ? ನೇರವಾಗಿ ಅಲ್ಲ. ವಿಧಾನಸೌಧದಲ್ಲಿ ಮಾಡಿದ ಕಾಯ್ದೆಯನ್ನು ಸೀನಾಯಿಯ ಕಲ್ಲಿನ ಹಲಗೆಯೊಂದಿಗೆ ಸಮವಾಗಿ ಇಡಲಾಗದು, ಇಡಲೂಬಾರದು. ಆದರೂ ಪೇತ್ರನು ತನ್ನ ಮೊದಲನೆಯ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಮನುಷ್ಯರು ಏರ್ಪಡಿಸಿದ ಅಧಿಕಾರಗಳಿಗೆ ಕರ್ತನ ನಿಮಿತ್ತವಾಗಿ ಅಧೀನರಾಗಿರಿ ಎನ್ನುತ್ತಾನೆ. ಈ ‘ಕರ್ತನ ನಿಮಿತ್ತ’ ಎಂಬ ಮಾತೇ ಪ್ರೀತಿಯನ್ನೂ ತೆರಿಗೆಯನ್ನೂ ಕಟ್ಟುವ ಹಗ್ಗ. ಮೂರು ವಚನಗಳ ತರುವಾಯ ಅವನು, ಸ್ವತಂತ್ರರಾಗಿ ನಡೆಯಿರಿ, ಆದರೆ ಆ ಸ್ವಾತಂತ್ರ್ಯವನ್ನು ಕೆಟ್ಟತನಕ್ಕೆ ಮುಸುಕಾಗಿ ಹೊದೆಯಬೇಡಿ ಎಂದು ಎಚ್ಚರಿಸುತ್ತಾನೆ. ನೀವು ಅಂದು ಕೂಟದಲ್ಲಿ ಹೊದ್ದುಕೊಂಡದ್ದು ಇದೇ ಮುಸುಕೆಂದು ಹೇಳಲು ನನಗೆ ನೋವಾಗುತ್ತದೆ, ಆದರೂ ಹೇಳಬೇಕು.

ಪೌಲನ ಮಾತು ಇನ್ನೂ ಹತ್ತಿರಕ್ಕೆ ಬರುತ್ತದೆ. ರೋಮಾಪುರದ ಪತ್ರಿಕೆಯನ್ನು ಅವನು ಬರೆದದ್ದು ಸುಮಾರು ಕ್ರಿ.ಶ. 57ರಲ್ಲಿ, ನೀರೋ ಚಕ್ರವರ್ತಿಯ ಆಳ್ವಿಕೆಯಲ್ಲಿ. ಸುಂಕ ವಸೂಲಿಯ ಗುತ್ತಿಗೆದಾರರ ಸುಲಿಗೆಯ ಬಗ್ಗೆ ಜನರ ದೂರು ಎಷ್ಟು ಹೆಚ್ಚಿತ್ತೆಂದರೆ, 58ರಲ್ಲಿ ನೀರೋ ಪರೋಕ್ಷ ಸುಂಕಗಳನ್ನೆಲ್ಲ ರದ್ದುಪಡಿಸುವ ಯೋಚನೆಯನ್ನೇ ಮಾಡಿದನೆಂದು ರೋಮಿನ ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ. ಅಂಥ ಊರಿನ ವಿಶ್ವಾಸಿಗಳಿಗೆ ಪೌಲನು 13ನೆಯ ಅಧ್ಯಾಯದಲ್ಲಿ, ದಂಡನೆಗೆ ಹೆದರಿ ಮಾತ್ರವಲ್ಲ, ಮನಸ್ಸಾಕ್ಷಿಯ ನಿಮಿತ್ತವಾಗಿಯೂ ಅಧೀನರಾಗಿರಿ, ಕಂದಾಯ ಸಲ್ಲಬೇಕಾದವರಿಗೆ ಕಂದಾಯವನ್ನೂ ಸುಂಕ ಸಲ್ಲಬೇಕಾದವರಿಗೆ ಸುಂಕವನ್ನೂ ಸಲ್ಲಿಸಿರಿ ಎನ್ನುತ್ತಾನೆ. ಮುಂದಿನ ಸಾಲಿನಲ್ಲಿ, ಒಬ್ಬರನ್ನೊಬ್ಬರು ಪ್ರೀತಿಸುವ ಋಣವೊಂದರ ಹೊರತು ಯಾರಿಗೂ ಯಾವ ಸಾಲವೂ ಉಳಿಯದಿರಲಿ ಎನ್ನುತ್ತಾನೆ. ಸಲ್ಲಿಸಬೇಕಾದದ್ದು, ಸಾಲ ಎಂಬ ಈ ಎರಡು ಮಾತುಗಳಿಗೂ ಗ್ರೀಕ್ ಮೂಲದಲ್ಲಿ ಒಂದೇ ಧಾತು. ನಾವು ಅಧ್ಯಾಯವನ್ನು ಅಲ್ಲಿ ಕತ್ತರಿಸಿ, ಮೇಲಿನದು ಸರ್ಕಾರದ ವಿಷಯ, ಕೆಳಗಿನದು ಪ್ರೀತಿಯ ವಿಷಯ ಎಂದು ಎರಡು ದಿನ ಪ್ರಸಂಗ ಮಾಡುತ್ತೇವೆ. ಪೌಲನಿಗೆ ಅದು ಒಂದೇ ಉಸಿರಿನ ಮಾತು.

ರಸ್ತೆಯೇ ಸರಿಯಿಲ್ಲದ ಮೇಲೆ ರಸ್ತೆ ತೆರಿಗೆ ಏಕೆ ಎಂದು ನಿಮ್ಮ ಕೂಟದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ರಸ್ತೆಗಾಗಿ ಜಗಳವಾಡಿ, ಅರ್ಜಿ ಬರೆಯಿರಿ, ಮತ ಹಾಕುವಾಗ ನೆನಪಿಡಿ. ಅದೂ ನೆರೆಯವನ ಮೇಲಿನ ಪ್ರೀತಿಯೇ. ಆದರೆ ನೀವು ಕಟ್ಟದೆ ಉಳಿಸಿಕೊಂಡ ಹಣದಿಂದ ಯಾವ ಗುಂಡಿಯೂ ಮುಚ್ಚಲಿಲ್ಲ. ಮತ್ತಾಯನ 17ನೆಯ ಅಧ್ಯಾಯದಲ್ಲಿ ದೇವಾಲಯದ ತೆರಿಗೆಯವರು ಕಪೆರ್ನೌಮಿಗೆ ಬಂದ ಸಂಗತಿಯಿದೆ. ಅರಸನ ಮಕ್ಕಳು ತೆರಿಗೆಗೆ ಒಳಪಟ್ಟವರಲ್ಲ ಎಂದು ಯೇಸು ಸ್ಪಷ್ಟವಾಗಿ ಹೇಳಿದನು. ಹಾಗೆ ಹೇಳಿಯೂ, ಅವರಿಗೆ ಅಡ್ಡಿಯಾಗಬಾರದೆಂದು, ಮೀನಿನ ಬಾಯಿಯ ನಾಣ್ಯದಿಂದ ತನ್ನದನ್ನೂ ಪೇತ್ರನದನ್ನೂ ಸಲ್ಲಿಸಿದನು. ಆ ತೆರಿಗೆಯಿಂದ ನಿಜವಾಗಿಯೂ ಮುಕ್ತನಾಗಿದ್ದವನು ಆತನೊಬ್ಬನೇ, ಆತನೇ ಕೊಟ್ಟನು.

ನನ್ನ ಬಾಳಿನ ಒಂದು ಸಂಗತಿಯನ್ನು ಹೇಳುತ್ತೇನೆ. ನಾನು ಹೊಸದಾಗಿ ದೀಕ್ಷೆ ಪಡೆದು ಹುಮನಾಬಾದ್ ಕಡೆಯ ಹಳ್ಳಿಯೊಂದರಲ್ಲಿದ್ದಾಗ, ಕ್ರಿಸ್‌ಮಸ್ ಹಬ್ಬಕ್ಕೆ ಗುಡಿಯ ತುಂಬ ಸೀರಿಯಲ್ ಸೆಟ್ ಹಾಕಬೇಕೆಂದು ಹುಡುಗರು ಆಸೆಪಟ್ಟರು. ಗುಡಿಗೆ ಇದ್ದದ್ದು ಸಣ್ಣ ಸಂಪರ್ಕ, ಅಷ್ಟು ಹೊರೆ ತಡೆಯುತ್ತಿರಲಿಲ್ಲ. ಕಂಬಕ್ಕೆ ನೇರವಾಗಿ ಕೊಕ್ಕೆ ಹಾಕಿದರು. ಎರಡು ರಾತ್ರಿಯ ಮಾತೆಂದು ನಾನೂ ಸುಮ್ಮನಿದ್ದೆ. ಅಂದು ಸಂಜೆ ನಮ್ಮ ಸಭೆಯ ಒಬ್ಬ ಮುದುಕಿ, ಅಕ್ಷರ ಬಾರದ ಹೆಣ್ಣುಮಗಳು, ಬಾಗಿಲಲ್ಲೇ ನಿಂತು ಮೇಲೆ ನೋಡಿ ಕೇಳಿದಳು: ‘ಅಯ್ನೋರೆ, ಕದ್ದ ಬೆಳಕಿನಾಗ ಸ್ವಾಮಿ ಹುಟ್ಟಿದ ಹಬ್ಬ ಮಾಡಬೇಕೇನ್ರಿ?’ ನನ್ನ ಬಳಿ ಉತ್ತರವಿರಲಿಲ್ಲ. ಕೊಕ್ಕೆ ತೆಗೆಸಿದೆವು, ಆ ರಾತ್ರಿಯ ಆರಾಧನೆ ಇದ್ದ ಎರಡು ಬಲ್ಬುಗಳಲ್ಲೂ ಮನೆಗಳಿಂದ ತಂದ ಕಂದೀಲುಗಳಲ್ಲೂ ನಡೆಯಿತು. ಮರುವರ್ಷದಿಂದ ಹಣ ಕಟ್ಟಿ ತಾತ್ಕಾಲಿಕ ಸಂಪರ್ಕ ಪಡೆದೆವು. ಆ ತಾಯಿಗೆ ವಿದ್ಯುತ್ ಕಾಯ್ದೆ ಗೊತ್ತಿರಲಿಲ್ಲ, ದಂಡದ ಭಯವೂ ಇರಲಿಲ್ಲ. ತಾನು ಪ್ರೀತಿಸುವ ಸ್ವಾಮಿಯ ಮುಂದೆ ಕದ್ದದ್ದನ್ನು ಇಡಲು ಅವಳಿಗೆ ಮನಸ್ಸು ಬರಲಿಲ್ಲ, ಅಷ್ಟೇ. ಪ್ರೀತಿಗೂ ಕಾನೂನಿಗೂ ಏನು ಸಂಬಂಧವೆಂದು ನೀವು ಕೇಳಿದಿರಲ್ಲ. ನಾನು ಅದನ್ನು ದೇವಜ್ಞಾನ ಶಾಲೆಯಲ್ಲಿ ಓದಿದ್ದರೂ ಕಲಿತದ್ದು ಆ ಬಾಗಿಲಲ್ಲಿ.

ನೀವು ಮೆಥಡಿಸ್ಟ್ ಸಭೆಯವರು, ಆದ್ದರಿಂದ ಇದೊಂದು ಮಾತು. ಜಾನ್ ವೆಸ್ಲಿಯವರು 1743ರಲ್ಲಿ ತಮ್ಮ ಸಂಘಗಳಿಗೆ ಸಾಮಾನ್ಯ ನಿಯಮಗಳನ್ನು ಬರೆದುಕೊಟ್ಟಾಗ, ಸೇರಲು ಇಟ್ಟದ್ದು ಒಂದೇ ಷರತ್ತು: ಬರಲಿರುವ ಕೋಪದಿಂದ ತಪ್ಪಿಸಿಕೊಂಡು ಪಾಪಗಳಿಂದ ರಕ್ಷಣೆ ಹೊಂದಬೇಕೆಂಬ ಬಯಕೆ. ಆ ಬಯಕೆ ನಿಜವಾಗಿದ್ದರೆ ಅದರ ಫಲಗಳು ಕಾಣುತ್ತವೆಂದು ಹೇಳಿ, ಬಿಡಬೇಕಾದ ಕೆಡುಕುಗಳ ಪಟ್ಟಿಯಲ್ಲಿ ಸುಂಕ ಕಟ್ಟದ ಸರಕನ್ನು ಕೊಳ್ಳುವುದನ್ನೂ ಮಾರುವುದನ್ನೂ ಸೇರಿಸಿದರು. ಆಗ ಇಂಗ್ಲೆಂಡಿನ ಕರಾವಳಿಯಲ್ಲಿ ಕಳ್ಳಸಾಗಣೆಯ ಚಹಾ, ಬ್ರಾಂಡಿ ಎಲ್ಲರ ಮನೆಯ ಮಾತಾಗಿತ್ತು. ಎಲ್ಲರೂ ಮಾಡುತ್ತಾರೆ ಎಂಬ ಸಮಾಧಾನವೂ ಇತ್ತು. ವೆಸ್ಲಿಯವರು ಆ ಸಮಾಧಾನವನ್ನು ಒಪ್ಪಲಿಲ್ಲ.

ಈಗ ಮಾಡಬೇಕಾದದ್ದೇನು? ಬೇರೆ ರಾಜ್ಯದಲ್ಲಿ ನೋಂದಾಯಿಸಿದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನೋಂದಣಿ ಸಂಖ್ಯೆಗೆ ಅರ್ಜಿ ಹಾಕಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 47ನೆಯ ಕಲಮು ಹೇಳುತ್ತದೆ. ಮೊದಲು ನೋಂದಣಿಯಾದ ಆರ್‌ಟಿಒ ಕಚೇರಿಯಿಂದ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ತಂದು, ಬೀದರಿನ ಕಚೇರಿಯಲ್ಲಿ ಅರ್ಜಿಯೊಂದಿಗೆ ತೆರಿಗೆಯನ್ನೂ ದಂಡವಿದ್ದರೆ ದಂಡವನ್ನೂ ಕಟ್ಟಿರಿ. ಮಧ್ಯವರ್ತಿಯ ಕೈಗೆ ಹಣ ಕೊಟ್ಟು ದಿನಾಂಕ ತಿದ್ದಿಸುವ ದಾರಿಯನ್ನು ಯಾರಾದರೂ ತೋರಿಸಿದರೆ ಒಪ್ಪಬೇಡಿ. ಸುಂಕ ವಸೂಲಿಗಾರನಾಗಿದ್ದ ಜಕ್ಕಾಯನನ್ನು ನೆನೆಯಿರಿ: ತಪ್ಪೊಪ್ಪಿಕೊಂಡು ಹಿಂದಿರುಗಿಸುವವನು ಮೂಲದ ಜೊತೆಗೆ ಐದನೆಯ ಒಂದು ಭಾಗ ಸೇರಿಸಿ ಕೊಟ್ಟರೆ ಸಾಕೆಂದು ಧರ್ಮಶಾಸ್ತ್ರದಲ್ಲಿತ್ತು, ಅವನು ನಾಲ್ಕರಷ್ಟು ಕೊಡುತ್ತೇನೆಂದನು. ಯೇಸು ಅವನ ಮನೆಗೆ ಊಟಕ್ಕೆ ಬರುವ ಮೊದಲು ಇದನ್ನು ಕೇಳಿರಲಿಲ್ಲ, ಬಂದ ಮೇಲೂ ಕೇಳಲಿಲ್ಲ. ನೀವು ಕಟ್ಟುವ ತೆರಿಗೆ ನಿಮ್ಮ ಪಾಪಕ್ಕೆ ಪ್ರಾಯಶ್ಚಿತ್ತವಲ್ಲ, ಅದು ಶಿಲುಬೆಯಲ್ಲಿ ತೀರಿದೆ. ಆದ್ದರಿಂದಲೇ ಹಗುರವಾದ ಮನಸ್ಸಿನಿಂದ ಕಟ್ಟಬಹುದು. ಇನ್ನೊಂದು ಕೆಲಸ ತೆರಿಗೆಗಿಂತ ಕಷ್ಟದ್ದು. ಆ ಹುಡುಗ ಎಲ್ಲರ ಮುಂದೆ ಕೇಳಿದ್ದರಿಂದ, ಅವನು ಸರಿ, ನಾನು ತಪ್ಪು ಎಂದು ನೀವೂ ಎಲ್ಲರ ಮುಂದೆ ಹೇಳಿರಿ. ನಿಮ್ಮ ಎಂಟು ವರ್ಷಗಳ ಪಾಠಗಳಲ್ಲಿ ಆ ಮಕ್ಕಳು ಬಹುಶಃ ಅದೊಂದನ್ನು ಮರೆಯುವುದಿಲ್ಲ.

ಪ್ರಶ್ನೆ: ಬೇರೆ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ನನ್ನ ತಂಗಿಯ ಮಗನಿಗೆ, ಕಲ್ಯಾಣ ಕರ್ನಾಟಕದ ಜಿಲ್ಲೆಗಳವರಿಗಿರುವ 371(ಜೆ) ಮೀಸಲಾತಿಯ ಅರ್ಹತಾ ಪ್ರಮಾಣಪತ್ರ ಬೇಕಾಗಿದೆ. ಅವನು ಚಿಕ್ಕಂದಿನಿಂದ ನಮ್ಮ ಮನೆಯಲ್ಲೇ ಇದ್ದನೆಂದು ಬರೆದು ಸಹಿ ಮಾಡಬೇಕೆಂದು ತಂಗಿ ಅಳುತ್ತಾಳೆ. ಸ್ವಂತದವರಿಗೆ ಸಹಾಯ ಮಾಡುವುದೂ ಪ್ರೀತಿಯಲ್ಲವೇ?
— ಸಹೋದರಿ, ಯಾದಗಿರಿ

ಉತ್ತರ: ತಂಗಿಯ ಕಣ್ಣೀರು ದೊಡ್ಡದು, ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಸುಳ್ಳು ಸಾಕ್ಷಿಯನ್ನು ನಿಷೇಧಿಸುವ ಆಜ್ಞೆಯ ಮಾತುಗಳನ್ನು ಗಮನಿಸಿರಿ: ನಿನ್ನ ನೆರೆಯವನ ಮೇಲೆ ಸುಳ್ಳು ಸಾಕ್ಷಿ ಹೇಳಬಾರದು ಎಂದಿದೆ. ಪ್ರತಿ ಸುಳ್ಳು ಸಾಕ್ಷಿಯೂ ಯಾರದೋ ಒಬ್ಬ ನೆರೆಯವನ ಮೇಲೆ ಬೀಳುತ್ತದೆ. ಬಹುಕಾಲ ಹಿಂದೆ ಉಳಿದ ನಮ್ಮ ಜಿಲ್ಲೆಗಳ ಮಕ್ಕಳಿಗೆ ಓದಿನಲ್ಲಿ, ಉದ್ಯೋಗದಲ್ಲಿ ಪಾಲು ಸಿಗಲೆಂದು ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ 371(ಜೆ) ಬಂದಿತು. ನಿಮ್ಮ ಸಹಿಯಿಂದ ನಿಮ್ಮ ತಂಗಿಯ ಮಗನಿಗೆ ಸಿಗುವ ಸೀಟು, ಸುರಪುರದ ಕಡೆಯ ಹಳ್ಳಿಯಲ್ಲಿ ಮನೆಯವರೆಲ್ಲ ಗುಳೆ ಹೋದಾಗಲೂ ಅಜ್ಜಿಯ ಬಳಿ ನಿಂತು ಓದಿದ ಒಂದು ಹುಡುಗಿಯ ಕೈಯಿಂದ ಹೋಗುತ್ತದೆ. ಆ ಹುಡುಗಿಯ ಹೆಸರು ನಿಮಗೆ ಎಂದೂ ತಿಳಿಯುವುದಿಲ್ಲ, ದೇವರಿಗೆ ತಿಳಿದಿದೆ. ಸಹಿ ಮಾಡಬೇಡಿ. ತಂಗಿಯ ಮಗನ ಫೀಸಿಗೆ ನಿಮ್ಮ ಕೈಲಾದಷ್ಟು ಕೊಡಿರಿ, ಅವನು ಓದುವಷ್ಟು ದಿನ ಕೊಡಿರಿ.

ಪ್ರಶ್ನೆ: ಕಲಬುರಗಿಯ ಬಾಡಿಗೆ ಮನೆಯೊಂದರಲ್ಲಿ ಪ್ರತಿ ಶುಕ್ರವಾರ ನಮ್ಮ ಉಪವಾಸ ಪ್ರಾರ್ಥನೆ ರಾತ್ರಿ ಹನ್ನೆರಡರವರೆಗೆ ನಡೆಯುತ್ತದೆ. ನೆರೆಮನೆಯವರ ದೂರಿನಿಂದ ಪೊಲೀಸರು ಬಂದು ಧ್ವನಿವರ್ಧಕ ನಿಲ್ಲಿಸಲು ಹೇಳಿದರು. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕೆಂದು ಅಪೊಸ್ತಲರೇ ಹೇಳಿದ್ದರಿಂದ ನಿಲ್ಲಿಸಬಾರದೆಂದು ಕೆಲವರ ವಾದ. ತಾವೇನು ಹೇಳುತ್ತೀರಿ?
— ಓದುಗರು, ಕಲಬುರಗಿ

ಉತ್ತರ: ಆ ವಚನ ಅಪೊಸ್ತಲರ ಕೃತ್ಯಗಳ 5ನೆಯ ಅಧ್ಯಾಯದಲ್ಲಿದೆ, ಅದನ್ನು ನಾನು ಪೂರ್ಣವಾಗಿ ನಂಬುತ್ತೇನೆ. ಆಳುವವರು ದೇವರು ನಿಷೇಧಿಸಿದ್ದನ್ನು ಮಾಡೆಂದಾಗ, ಇಲ್ಲವೇ ಆಜ್ಞಾಪಿಸಿದ್ದನ್ನು ಮಾಡಬೇಡವೆಂದಾಗ, ವಿಶ್ವಾಸಿಯು ಆಗದೆಂದು ಹೇಳಲೇಬೇಕು. ಗಂಡು ಕೂಸುಗಳನ್ನು ಕೊಲ್ಲಿರೆಂದು ಫರೋಹನು ಅಪ್ಪಣೆ ಮಾಡಿದಾಗ ಇಬ್ರಿಯರ ಸೂಲಗಿತ್ತಿಯರು ದೇವರಿಗೆ ಭಯಪಟ್ಟು ಕೊಲ್ಲಲಿಲ್ಲ. ಯೇಸುವಿನ ಹೆಸರೆತ್ತಿ ಬೋಧಿಸಬಾರದೆಂದು ಹಿರೀಸಭೆ ಕಟ್ಟಪ್ಪಣೆ ಮಾಡಿದಾಗ ಪೇತ್ರನೂ ಜೊತೆಯವರೂ ಒಪ್ಪಲಿಲ್ಲ. ಏಟು ತಿಂದರು, ಯಾರ ಮೇಲೂ ಕೈಯೆತ್ತಲಿಲ್ಲ. ನಿಮ್ಮ ಪೊಲೀಸರು ಪ್ರಾರ್ಥನೆಯನ್ನು ನಿಲ್ಲಿಸಲು ಹೇಳಿದರೇ? ಧ್ವನಿವರ್ಧಕವನ್ನು ನಿಲ್ಲಿಸಲು ಹೇಳಿದರು. ದೇವರು ಧ್ವನಿವರ್ಧಕವನ್ನು ಎಲ್ಲಿಯೂ ಆಜ್ಞಾಪಿಸಿಲ್ಲ. ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು ಎಂದು ಯೇಸುವೇ ಕಲಿಸಿದ್ದಾನೆ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿಗೆ ಕೇಳುವಂತೆ ಧ್ವನಿವರ್ಧಕ ಬಳಸುವುದನ್ನು ತಡೆಯುತ್ತವೆ, ಈ ನಿಯಮ ಎಲ್ಲ ಧರ್ಮದವರಿಗೂ ಒಂದೇ. ವಾಸದ ಬಡಾವಣೆಗಳಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆಯನ್ನು ಒಬ್ಬ ಅಧಿಕಾರಿ ಗಂಟೆ, ಅಳತೆಗಳಲ್ಲಿ ಬರೆದರೆ ಅದು ಹೀಗೆಯೇ ಇದ್ದೀತು, ಏಕೆಂದರೆ ಗೋಡೆಯಾಚೆ ಒಬ್ಬ ರೋಗಿ ಇದ್ದಾನೆ, ಬೆಳಿಗ್ಗೆ ಪಾಳಿಗೆ ಹೋಗುವವನಿದ್ದಾನೆ, ಪರೀಕ್ಷೆ ಬರೆಯುವ ಮಗುವಿದೆ.

ದಾನಿಯೇಲನ ಸಂಗತಿಯನ್ನು ಹೇಳದೆ ಮುಗಿಸಲಾರೆ. ಅವನ ಮೇಲೆ ತಪ್ಪು ಹೊರಿಸಲು ಶತ್ರುಗಳು ಮೊದಲು ಹುಡುಕಿದ್ದು ಅವನ ರಾಜಕಾರ್ಯದಲ್ಲಿ, ಎಲ್ಲಾದರೂ ಒಂದು ಲೋಪ ಸಿಕ್ಕೀತೆಂದು. ಏನೂ ಸಿಗದೆ ಹೋದದ್ದರಿಂದಲೇ ಅವನ ಪ್ರಾರ್ಥನೆಯ ವಿರುದ್ಧ ಹೊಸ ಶಾಸನವೊಂದನ್ನು ಹುಟ್ಟಿಸಬೇಕಾಯಿತು. ಆಗಲೂ ಅವನು ಮೊದಲು ಮಾಡುತ್ತಿದ್ದಂತೆಯೇ ದಿನಕ್ಕೆ ಮೂರಾವರ್ತಿ ತನ್ನ ಮಹಡಿಯ ಕೋಣೆಯಲ್ಲಿ ಮೊಣಕಾಲೂರಿದನು. ನಮ್ಮ ಸಭೆಗಳ ಮೇಲೂ ಅಂಥ ದಿನ ಬರಬಹುದು, ಬಂದರೆ ನಾವೂ ಮೊಣಕಾಲೂರೋಣ. ಆದರೆ ಅಂದು ನಮ್ಮ ಮೇಲೆ ಹೊರಿಸಲು ಬಾಡಿಗೆ ಕರಾರು, ವಿದ್ಯುತ್ ಬಿಲ್ಲು, ನೆರೆಯವರ ಕೆಟ್ಟ ನಿದ್ದೆ ಇವು ಯಾವುವೂ ಸಿಗದಿರಲಿ. ಮುಂದಿನ ಶುಕ್ರವಾರ ಮೈಕಿಲ್ಲದೆ ಪ್ರಾರ್ಥಿಸಿರಿ. ಅದಕ್ಕೂ ಮೊದಲು, ಗುರುವಾರ ಸಂಜೆ, ನಿಮ್ಮಲ್ಲಿ ಇಬ್ಬರು ಹಿರಿಯರು ದೂರು ಕೊಟ್ಟ ಮನೆಗೆ ಹೋಗಿ, ಇಷ್ಟು ದಿನ ತೊಂದರೆ ಕೊಟ್ಟೆವು, ಕ್ಷಮಿಸಿರಿ ಎಂದು ಹೇಳಿ ಬನ್ನಿರಿ.